ಬಿಸಿ ನೆಲದ ಕೋಣೆ ಕಟ್ಟಿದವರು

ಅವರ ಬಲಗಿವಿಯ ಮೇಲಂಚಿನಲ್ಲಿ ಸದಾ ಒಂದು ಕಪ್ಪು ಕಲೆ ಇರುತ್ತಿತ್ತು. ನಮ್ಮ ಕಡೆಯ ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವರು ಬಿದಿರಿನ ಚಪ್ಪಟೆ ಕಡ್ಡಿಯೊಂದನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಅದರ ತುದಿಯನ್ನು ಬಾಚಣಿಗೆಯ ಹಲ್ಲಿನಷ್ಟು ಸಣ್ಣಗೆ ಸೀಳಿ, ಮಸಿಯಲ್ಲಿ ಅದ್ದಿ, ಮರದ ಮೇಲೆ ಗೆರೆ ಎಳೆಯುವುದು. ಎಳೆದಾದ ಮೇಲೆ ಒರೆಸದೆ ಹಾಗೇ ಕಿವಿಗೇರಿಸಿಬಿಡುವುದು. ಸಂಜೆ ಹೊತ್ತು ಅವರ ಹೆಂಡತಿ ಒದ್ದೆ ಬಟ್ಟೆ ತಂದು ಆ ಕಿವಿಯನ್ನು ತಿಕ್ಕುವುದನ್ನು ನಾನು ಬೇಲಿಯ ಸಂದಿಯಿಂದ ಎಷ್ಟೋ ಸಲ ನೋಡಿದ್ದೇನೆ. ಎಪ್ಪತ್ತೈದು ದಾಟಿದ ಮನುಷ್ಯ ತಲೆ ಬಗ್ಗಿಸಿ ಸುಮ್ಮನೆ ನಿಂತಿರುತ್ತಿದ್ದರು.

ಡಾಲಸ್‌ನ ಉತ್ತರಕ್ಕೆ ಅಲೆನ್‌ನಲ್ಲಿ ನಾವು ಮನೆ ಕೊಂಡಾಗ ಪಕ್ಕದ ಮನೆಯವರು ಅವರು. ಕೊರಿಯಾದವರು. ಮಗಳು ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಇಂಜಿನಿಯರ್. ಇಲ್ಲಿ ಗಂಡ ಹೆಂಡತಿ ಇಬ್ಬರೇ. ನನ್ನ ಮಗಳು ಅವರನ್ನು ಅವರ ಭಾಷೆಯಲ್ಲೇ ‘ಹರಬೋಜಿ’, ಅಂದರೆ ಅಜ್ಜ, ಅನ್ನುತ್ತಿದ್ದಳು. ನಾವು ಮನೆಯೊಳಗೆ ‘ಬಡಗಿ ಅಜ್ಜ’ ಅನ್ನುತ್ತಿದ್ದೆವು. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಮಗುವಿನ ಅಮ್ಮ’ ಎಂದು. ಅವರ ದೇಶದಲ್ಲಿ ಹೆಂಗಸರನ್ನು ಹೆಸರು ಹಿಡಿದು ಕರೆಯುವ ರೂಢಿ ಕಡಿಮೆಯಂತೆ. ನಮ್ಮಿಬ್ಬರ ಮಾತೆಲ್ಲ ಅವರ ಮುರುಕು ಇಂಗ್ಲಿಷಿನಲ್ಲಿ, ನನ್ನ ಮೈಸೂರಿನ ಇಂಗ್ಲಿಷಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹದಿನೇಳನೆಯ ವಯಸ್ಸಿಗೆ ಅವರು ಹಳೆಯ ಮನೆಗಳನ್ನೂ ಗುಡಿಗಳನ್ನೂ ರಿಪೇರಿ ಮಾಡುವ ಒಬ್ಬ ದೊಡ್ಡ ಬಡಗಿಯ ಕೈಕೆಳಗೆ ಸೇರಿದ್ದರು. ಹತ್ತು ವರ್ಷ ಕಲಿತು ಹೊರಬರುವಷ್ಟರಲ್ಲಿ ಊರಿನಲ್ಲಿ ಅಂಥ ಮನೆ ಕಟ್ಟಿಸುವವರೇ ಇರಲಿಲ್ಲ. ಎಲ್ಲರಿಗೂ ಅಪಾರ್ಟ್‌ಮೆಂಟ್ ಬೇಕಾಗಿತ್ತು. ಹೀಗೆ ಟೆಕ್ಸಸ್‌ಗೆ ಬಂದು ಮೂವತ್ತು ವರ್ಷ ಮನೆಗಳಿಗೆ ಮರದ ಚೌಕಟ್ಟು ನಿಲ್ಲಿಸುವ ಕೆಲಸ ಮಾಡಿದರು. ಒಮ್ಮೆ ನಮ್ಮ ಗೋಡೆಯನ್ನು ಬೆರಳಿನಿಂದ ಕುಟ್ಟಿ, “ಇದರಲ್ಲಿ ಎಷ್ಟು ಮೊಳೆ ಇದೆ ಗೊತ್ತಾ? ನಾನೇ ಹೊಡೆದದ್ದೂ ಇರಬಹುದು,” ಎಂದು ನಕ್ಕಿದ್ದರು. ಆ ನಗುವಿನಲ್ಲಿ ಹೆಮ್ಮೆ ಇರಲಿಲ್ಲ.

ನಾವು ಬಂದ ಎರಡನೇ ವರ್ಷ ಅವರ ಹೆಂಡತಿಗೆ ಕ್ಯಾನ್ಸರ್ ಎಂದು ತಿಳಿಯಿತು. ಚಿಕಿತ್ಸೆಯ ಮದ್ದಿನಿಂದ ಆಕೆಯ ಕೈಬೆರಳು, ಅಂಗಾಲು ಮರಗಟ್ಟಿದವು. ಜುಲೈ ತಿಂಗಳ ಬಿಸಿಲಿನಲ್ಲೂ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಹಿತ್ತಲಲ್ಲಿ ಕೂತಿರುತ್ತಿದ್ದರು. ಒಂದು ದಿನ ಗಂಡನ ಹತ್ತಿರ, ತಮ್ಮ ಊರಿನ ಹಳೆಯ ಮನೆಗಳಲ್ಲಿದ್ದಂಥ ಬಿಸಿ ನೆಲದ ಮೇಲೆ ಬೆನ್ನು ಕೊಟ್ಟು ಒಮ್ಮೆ ಮಲಗಬೇಕು ಅನ್ನಿಸುತ್ತಿದೆ ಎಂದರಂತೆ. ಮಾರನೆಯ ವಾರವೇ ಬಡಗಿ ಅಜ್ಜ ಹಿತ್ತಲಿನ ಹುಲ್ಲು ಕಿತ್ತು ಅಗೆಯಲು ಶುರು ಮಾಡಿದರು.

ಅವರು ಕಟ್ಟಿದ್ದು ಒಂದೇ ಕೋಣೆ, ಅದರ ಮುಂದೆ ಮೂರಡಿ ಅಗಲದ ಮರದ ಜಗಲಿ. ಕಟ್ಟಲು ಹತ್ತಿರ ಹತ್ತಿರ ಒಂದೂಕಾಲು ವರ್ಷ ಹಿಡಿಯಿತು. ಮಗಳನ್ನು ಕಿಂಡರ್‌ಗಾರ್ಟನ್‌ಗೆ ಹಾಕುವ ಮುಂಚಿನ ದಿನಗಳು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮೀಟಿಂಗ್‌ಗಳ ನಡುವೆ ಕಾಫಿ ಹಿಡಿದು ಬೇಲಿಯ ಬಳಿ ನಿಲ್ಲುವುದು ಅಭ್ಯಾಸವಾಯಿತು. ಅಲೆನ್‌ನ ಮಣ್ಣು ಕಪ್ಪು ಜೇಡಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕಾಂಕ್ರೀಟು ತಳಪಾಯವನ್ನೇ ಸೀಳುತ್ತದೆ. ಅವರು ಆಳಕ್ಕೆ ಅಗೆದು ಜಲ್ಲಿ, ಮರಳು ಪದರ ಪದರವಾಗಿ ಬಡಿದು ದಮ್ಮಸು ಮಾಡಿ, ಮೇಲೆ ನಾಲ್ಕು ಒರಟು ಕಲ್ಲು ಕೂರಿಸಿದರು. ಕಲ್ಲಿನ ತಲೆಯನ್ನು ಸಮ ಮಾಡಲಿಲ್ಲ. ಕಂಬವನ್ನು ಅದರ ಮೇಲೆ ನಿಲ್ಲಿಸಿ, ಕಲ್ಲಿನ ಉಬ್ಬುತಗ್ಗಿಗೆ ಸರಿಯಾಗಿ ಬಿದಿರಿನ ಕಡ್ಡಿಯಿಂದ ಕಂಬದ ಬುಡಕ್ಕೆ ಗೆರೆಯೆಳೆದು, ಆ ಗೆರೆಯಂತೆ ಮರವನ್ನೇ ಕೆತ್ತಿದರು. ಮೂರು ದಿನಕ್ಕೊಂದು ಕಂಬ.

“ಕಲ್ಲನ್ನೇ ಸಮ ಮಾಡಿದ್ದರೆ ಬೇಗ ಆಗುತ್ತಿತ್ತಲ್ಲ?” ಎಂದು ಕೇಳಿದೆ.

“ಕಲ್ಲು ಮೊದಲು ಬಂದದ್ದು,” ಎಂದರು. “ಆಮೇಲೆ ಬಂದವರು ಹೊಂದಿಕೊಳ್ಳಬೇಕು.”

ಅಳತೆಗೆ ಟೇಪು ಇತ್ತು, ಆದರೆ ಮುಖ್ಯವಾದ ಅಳತೆಗಳೆಲ್ಲ ಹೆಂಡತಿಯ ಮೈಯದು. ಆಕೆಯನ್ನು ಚಾಪೆಯ ಮೇಲೆ ಕೂರಿಸಿ, ಮೊಣಕೈ ಎಲ್ಲಿಗೆ ಬರುತ್ತದೋ ಅಲ್ಲಿಗೆ ಕಿಟಕಿಯ ಕೆಳಪಟ್ಟಿ ಇಟ್ಟರು. ಕೂತು ಕೈಯೂರಿ ಹೊರಗೆ ನೋಡುವುದಕ್ಕೆ. ಸೂರಿನ ಚಾಚು ಎಷ್ಟಿರಬೇಕೆಂದು ತಿಳಿಯಲು ಬೇಸಿಗೆಯಲ್ಲೊಂದು ಮಧ್ಯಾಹ್ನ, ಚಳಿಗಾಲದಲ್ಲೊಂದು ಮಧ್ಯಾಹ್ನ ಕೋಲು ನೆಟ್ಟು ನೆರಳು ನೋಡಿದರು. ಜೂನ್ ಬಿಸಿಲು ಜಗಲಿಯಲ್ಲೇ ನಿಲ್ಲಬೇಕು, ಡಿಸೆಂಬರ್ ಬಿಸಿಲು ಆಕೆಯ ಕಾಲಿನವರೆಗೆ ಬರಬೇಕು. ತೊಲೆ, ಕಂಬ, ಜಂತಿ ಎಲ್ಲ ಒಂದರ ಬಾಯಿಗೆ ಇನ್ನೊಂದರ ನಾಲಿಗೆ ಕೊಟ್ಟ ಹಾಗೆ ಸೇರಿಕೊಂಡವು. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಕಿಟಕಿ ಬಾಗಿಲುಗಳಿಗೆ ಗಾಜಿನ ಬದಲು ದಪ್ಪ ಕಾಗದ ಅಂಟಿಸಿ, ಬಾಯಲ್ಲಿ ನೀರು ತುಂಬಿಕೊಂಡು ಅದರ ಮೇಲೆ ಉಫ್ ಎಂದು ಸಿಂಪಡಿಸಿದರು. ಒಣಗಿದ ಮೇಲೆ ತಮಟೆಯ ಚರ್ಮದಂತೆ ಬಿಗಿಯಾಯಿತು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ನೆಲ. ಕೋಣೆಯ ಹೊರಗೆ ಒಂದು ಕಡೆ ಒಲೆಯ ಬಾಯಿ, ಎದುರು ಕಡೆ ಹೊಗೆ ಕೊಳವೆ. ಎರಡರ ನಡುವೆ ನೆಲದಡಿ ಕಲ್ಲಿನ ಕಾಲುವೆಗಳು, ಅವುಗಳ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಜೇಡಿಮಣ್ಣು, ಅದರ ಮೇಲೆ ಎಣ್ಣೆ ಕುಡಿಸಿದ ಕಾಗದ ಪದರ ಪದರವಾಗಿ. ಸೌದೆ ಉರಿಸಿದರೆ ಹೊಗೆ ನೆಲದಡಿ ಹರಿದು ಚಪ್ಪಡಿ ಕಾಯಿಸಿ ಆಚೆ ಹೋಗುತ್ತದೆ. ಕಾಗದ ಅಂಟಿಸುವ ಮೊದಲು ಅವರು ಒಲೆಯಲ್ಲಿ ಹಸಿ ಹುಲ್ಲು ಹಾಕಿ ದಟ್ಟ ಹೊಗೆ ಎಬ್ಬಿಸಿ, ಮೊಣಕಾಲೂರಿ ನೆಲದ ಇಂಚಿಂಚನ್ನೂ ಮೂಸಿ ನೋಡಿದರು. ಎಲ್ಲೋ ನೂಲಿನಷ್ಟು ಹೊಗೆ ಕಂಡರೆ ಆ ಜಾಗಕ್ಕೆ ಮತ್ತೆ ಮಣ್ಣು ಮೆತ್ತುವುದು, ಒಣಗಿಸುವುದು, ಮತ್ತೆ ಹೊಗೆ ಹಾಕುವುದು. ಹೀಗೆ ಇಪ್ಪತ್ತು ದಿನ. ಆ ಇಪ್ಪತ್ತು ದಿನದ ಹೊಗೆ ನಮ್ಮ ಹಿತ್ತಲಿಗೂ ಬಂತು.

ಈಗ ನನ್ನ ಪಾಲಿನದು ಹೇಳಬೇಕು.

ನಮ್ಮ ಬಡಾವಣೆಯಲ್ಲಿ ನಿವಾಸಿಗಳ ಸಂಘವಿದೆ. ಹುಲ್ಲು ಎಷ್ಟೆತ್ತರ ಬೆಳೆಯಬಹುದು, ಬೇಲಿಗೆ ಯಾವ ಬಣ್ಣ ಬಳಿಯಬಹುದು ಎಂದು ತೀರ್ಮಾನಿಸುವುದು ಅದರ ಸಮಿತಿ. ಆ ವರ್ಷ ನಾನೂ ಸಮಿತಿಯಲ್ಲಿದ್ದೆ, ಅದರಲ್ಲಿ ಭಾರತದವಳು ನಾನೊಬ್ಬಳೇ. ಜನವರಿಯ ಸಭೆಯಲ್ಲಿ ಅಧ್ಯಕ್ಷರು, ಬಹಳ ಮೃದು ಮಾತಿನ ನಿವೃತ್ತರು, ಕೆಲವು ಫೋಟೋ ತೋರಿಸಿದರು. ಬಡಗಿ ಅಜ್ಜನ ಸೂರು ಬೇಲಿಯ ಮೇಲೆ ಎದ್ದು ಕಾಣುತ್ತಿತ್ತು. ನಗರದಿಂದ ಶೆಡ್ಡಿಗೆಂದು ಪರ್ಮಿಟ್ ತೆಗೆದುಕೊಂಡಿದ್ದಾರೆ, ಒಲೆಯ ವಿಷಯ ಅದರಲ್ಲಿಲ್ಲ, ನಮ್ಮ ಅನುಮತಿಯನ್ನಂತೂ ಕೇಳಿಯೇ ಇಲ್ಲ ಎಂದರು. ದೂರಿನ ಫಾರಂ ನನ್ನ ಮುಂದಿಟ್ಟು, “ಬೇಲಿ ಹಂಚಿಕೊಂಡವರು ನೀವು. ನಿಮ್ಮ ಸಹಿಗೆ ತೂಕ ಇದೆ,” ಎಂದರು.

ಮಗಳಿಗೆ ಆಗಾಗ ಉಬ್ಬಸ ಬರುತ್ತಿತ್ತು. ಹೊಗೆಯಿಂದ ಅಕ್ಕಪಕ್ಕದವರಿಗೆ ಅಪಾಯ ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕಿದೆ. ಉಬ್ಬಸ ನಿಜ. ಆದರೆ ಕೈ ಓಡಿಸಿದ್ದು ಅದೊಂದೇ ಅಲ್ಲ. ಆ ಮೇಜಿನ ಸುತ್ತ ಕೂತವರು ನನ್ನನ್ನು ತಮ್ಮಲ್ಲೊಬ್ಬಳೆಂದು ಕಂಡರಲ್ಲ ಎಂಬ ಖುಷಿಯೂ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಮನೆಗೆ ಬಂದು ಹೇಳಿದಾಗ ನನ್ನ ಗಂಡ, ಅವರು ಹುಬ್ಬಳ್ಳಿಯವರು, ತಟ್ಟೆಯಿಂದ ತಲೆ ಎತ್ತಿ ನೋಡಿದರು. “ಮೊದಲ ಅವರ ಜೋಡಿ ಒಂದ ಮಾತ ಆಡಬೇಕಿತ್ತಿಲ್ಲೋ ನೀ? ಬೇಲಿ ಆಚೆ ಅದಾರ, ಪರದೇಶದಾಗೇನಿಲ್ಲ.”

“ಸುಮ್ನೆ ಒಂದು ಇನ್‌ಸ್ಪೆಕ್ಷನ್ ಅಷ್ಟೆ ರೀ,” ಎಂದೆ. ಹಾಗೆಂದು ನಾನೂ ನಂಬಿದ್ದೆ.

ಫೆಬ್ರವರಿಯಲ್ಲಿ ಆ ಹಿಮ ಬಂತು. ಟೆಕ್ಸಸ್‌ನಲ್ಲಿ ಆಗ ಇದ್ದವರಿಗೆ ಯಾವ ಹಿಮ ಎಂದು ಹೇಳಬೇಕಾಗಿಲ್ಲ. ಸೋಮವಾರ ಬೆಳಗಾಗುವ ಹೊತ್ತಿಗೆ ಕರೆಂಟ್ ಹೋಗಿತ್ತು. ಮಧ್ಯಾಹ್ನಕ್ಕೆ ಮನೆಯೊಳಗೆ ಉಸಿರು ಬಿಟ್ಟರೆ ಹೊಗೆಯಂತೆ ಕಾಣುತ್ತಿತ್ತು. ರಸ್ತೆಯೆಲ್ಲ ಗಾಜಿನಂಥ ಮಂಜುಗಡ್ಡೆ, ಕಾರು ತೆಗೆಯುವಂತಿರಲಿಲ್ಲ. ಮಗಳಿಗೆ ಮೂರು ಸ್ವೆಟರ್ ಹಾಕಿ ರಗ್ಗು ಸುತ್ತಿದ್ದೆವು. ಅವಳು ಅಳುವುದನ್ನು ನಿಲ್ಲಿಸಿ ಸುಮ್ಮನೆ ಕಣ್ಣು ಮುಚ್ಚತೊಡಗಿದಾಗ ನನಗೆ ಹೆದರಿಕೆಯಾಯಿತು. ಗಂಡ ಹಿತ್ತಲಿನಿಂದ ಇದ್ದಿಲಿನ ಗ್ರಿಲ್ ಎಳೆದು ತಂದು ಅಡುಗೆಮನೆಯಲ್ಲಿಟ್ಟು ಹೊತ್ತಿಸಿದರು. ಗಾಳಿ ಬರದಂತೆ ಬಾಗಿಲ ಸಂದಿಗೆ ಟವೆಲ್ ತುರುಕಿದವಳು ನಾನೇ. ಕೆಂಡದ ಸುತ್ತ ಮೂವರೂ ಕೂತೆವು. ಹಾಯೆನಿಸಿತು. ಸ್ವಲ್ಪ ಹೊತ್ತಿಗೆ ತಲೆ ಸಿಡಿಯಲು ಶುರುವಾಯಿತು. ಚಳಿಗೆ ಇರಬೇಕು ಎಂದುಕೊಂಡೆ.

ಮೂರು ಗಂಟೆಯ ಸುಮಾರಿಗೆ ಬಾಗಿಲು ಬಡಿದ ಸದ್ದು. ಬಡಗಿ ಅಜ್ಜ ಒಂದು ದಪ್ಪ ರಜಾಯಿ ಹೊತ್ತು ನಿಂತಿದ್ದರು. “ಮಗುವನ್ನು ಕೊಡಿ, ನಮ್ಮ ಕೋಣೆ ಬಿಸಿ ಇದೆ,” ಎನ್ನುತ್ತಾ ಒಳಗೆ ಕಾಲಿಟ್ಟವರು ಗ್ರಿಲ್ ನೋಡಿದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೊರಿಯನ್ ಭಾಷೆಯಲ್ಲಿ ಏನೋ ಕೂಗಿ, ಬರಿಗೈಯಲ್ಲಿ ಅದರ ಕಾಲು ಹಿಡಿದು ಹಿತ್ತಲ ಬಾಗಿಲಿನಿಂದ ಹಿಮಕ್ಕೆ ಎಳೆದು ಕೆಡವಿದರು. ಎಲ್ಲ ಕಿಟಕಿ ತೆರೆದರು. ಮಗಳನ್ನು ರಜಾಯಿಯಲ್ಲಿ ಸುತ್ತಿ ಎದೆಗವಚಿಕೊಂಡು, ಮಂಜುಗಡ್ಡೆಯ ಮೇಲೆ ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು ನಡೆದರು. ನಾವು ತೂರಾಡುತ್ತಾ ಹಿಂದೆ ಹೋದೆವು.

ಆ ಕೋಣೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟದ್ದು ನನ್ನ ಅಂಗಾಲಿಗೆ ಇನ್ನೂ ನೆನಪಿದೆ. ಹೀಟರಿನ ಒಣ ಗಾಳಿಯಲ್ಲ, ಬಿಸಿಲಿನಲ್ಲಿ ಕಾದ ಕಲ್ಲಿನ ಬಿಸಿ, ಕೆಳಗಿನಿಂದ ಮೇಲಕ್ಕೆ ಏರುವಂಥದ್ದು. ಒಲೆಯ ಬಾಯಿಗೆ ಹತ್ತಿರದ ಮೂಲೆ ಎಲ್ಲಕ್ಕಿಂತ ಬೆಚ್ಚಗಿರುತ್ತದೆ. ಅವರಲ್ಲಿ ಅದು ಮನೆಯ ಹಿರಿಯರ ಜಾಗ. ಅಜ್ಜಿ ಅಲ್ಲಿ ಮಲಗಿದ್ದರು. ಮಗಳ ಮುಖ ನೋಡಿದ್ದೇ ಎದ್ದು, ಗೋಡೆ ಹಿಡಿದುಕೊಂಡು ಸರಿದು, ಆ ಜಾಗ ತೋರಿಸಿದರು. ನಾನು ಬೇಡ ಬೇಡ ಎಂದೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಂಗೈಯಿಂದ ನೆಲವನ್ನು ಎರಡು ಸಲ ತಟ್ಟಿದರು, ಅಷ್ಟೆ. ಅರ್ಧ ಗಂಟೆಯಲ್ಲಿ ಮಗಳ ಕೆನ್ನೆಗೆ ಬಣ್ಣ ಬಂತು. “ಅಮ್ಮಾ, ಐ ಆಮ್ ಹಂಗ್ರಿ,” ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಅಲ್ಲೇ ಮೂರು ದಿನ ಇದ್ದೆವು. ಮಾರನೆಯ ಮಧ್ಯಾಹ್ನ, ಹೆಂಡತಿ ನಿದ್ದೆ ಹೋದ ಮೇಲೆ, ಬಡಗಿ ಅಜ್ಜ ಗ್ರಿಲ್‌ನ ವಿಷಯ ತೆಗೆದರು. ಚಿಕ್ಕಂದಿನಲ್ಲಿ ಅವರಿಗೊಬ್ಬ ಅಕ್ಕ ಇದ್ದಳು. ಪಟ್ಟಣದ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ, ಬಾಡಿಗೆ ಕೋಣೆಯಲ್ಲಿ ವಾಸ. ಆಗ ನೆಲ ಕಾಯಿಸಲು ಸೌದೆ ಬಿಟ್ಟು ಕಲ್ಲಿದ್ದಲಿನ ಬಿಲ್ಲೆ ಉರಿಸುತ್ತಿದ್ದರು. ನೆಲದಲ್ಲಿ ಒಂದು ಬಿರುಕು ಇತ್ತು, ಕೂದಲಿನಷ್ಟು. ಅದರಿಂದ ರಾತ್ರಿಯೆಲ್ಲ ಇದ್ದಿಲಿನ ವಿಷಗಾಳಿ ಒಳಗೆ ಬಂದಿತ್ತು. ಬೆಳಿಗ್ಗೆ ಇವರೂ ಅಮ್ಮನೂ ಊರಿನಿಂದ ನೋಡಲು ಹೋದಾಗ ಅವಳು ಏಳಲಿಲ್ಲ.

“ಮುಖ ಚೆನ್ನಾಗಿ ಕೆಂಪಗಿತ್ತು,” ಎಂದರು. “ಆರೋಗ್ಯವಾಗಿದ್ದಾಳೆ ಅನ್ನುವ ಹಾಗೆ. ಮಲಗಿದ್ದಾಳೆ ಅಂದುಕೊಂಡು ನಮ್ಮಮ್ಮ ಅಂಬಲಿ ಕಾಯಿಸಿದರು.” ಆಮೇಲೆ ಗೋಡೆಯ ಕಡೆ ಕೈ ತೋರಿಸಿದರು. ಕಾಗದ ಅಂಟಿಸಿದ ಗೋಡೆಯ ಮೇಲೆ, ಒಂದಲ್ಲ, ವಿಷಾನಿಲ ಬಂದರೆ ಕೂಗುವ ಯಂತ್ರ ಎರಡು ಇದ್ದವು. ಅವು ಆ ಮೂರು ದಿನ ಒಮ್ಮೆಯೂ ಕೂಗಲಿಲ್ಲ.

ಹೊಗೆಯಿಂದ ಅಪಾಯ ಎಂದು ನಾನು ಸಹಿ ಹಾಕಿದ್ದು ಇವರ ಮೇಲೆ.

ಹಿಮ ಕರಗಿದ ವಾರವೇ ಸಮಿತಿಗೆ ಹೋಗಿ ಸಹಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅಧ್ಯಕ್ಷರು ಬೇಸರದಿಂದಲೇ, ದೂರು ದಾಖಲಾಗಿದೆ, ಇನ್ನು ಅದು ನಿಮ್ಮ ಕೈಯಲ್ಲೂ ಇಲ್ಲ ನನ್ನ ಕೈಯಲ್ಲೂ ಇಲ್ಲ ಎಂದರು. ನಡೆದದ್ದೆಲ್ಲ ಹೇಳಿದೆ. ಎಲ್ಲರೂ ಕೇಳಿದರು, ಒಬ್ಬಾಕೆ ಕಣ್ಣೊರೆಸಿಕೊಂಡರು. ಆದರೂ ಕೋಣೆ ತೆಗೆಸಬೇಕೆಂಬ ಓಟಿನಲ್ಲಿ ಆರಕ್ಕೆ ಒಂದು, ಬೇಡವೆಂದವಳು ನಾನೊಬ್ಬಳೇ. ಹೆಚ್ಚೆಂದರೆ ಮೇ ತಿಂಗಳವರೆಗೆ ಸಮಯ, ಆಮೇಲೆ ತೆಗೆಯಲೇಬೇಕು. ನಾನು ಸಮಿತಿ ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಗಂಡ ವಕೀಲರೊಬ್ಬರನ್ನು ಕರೆತರುತ್ತೇನೆಂದಾಗ ಬಡಗಿ ಅಜ್ಜ ಬೇಡವೆಂದರು. ಹೆಂಡತಿಗೆ ಉಳಿದ ದಿನಗಳನ್ನು ಜಗಳದಲ್ಲಿ ಕಳೆಯುವ ಮನಸ್ಸು ಅವರಿಗಿರಲಿಲ್ಲ.

ಮೇ ತಿಂಗಳ ಮೊದಲ ವಾರ ಬಿಚ್ಚಲು ಶುರು ಮಾಡಿದರು. ಮೊಳೆ ಇಲ್ಲದ ಮನೆ, ಆದ್ದರಿಂದ ಒಡೆಯುವ ಮಾತಿಲ್ಲ. ಹೆಂಚು, ಜಂತಿ, ತೊಲೆ, ಕಂಬ, ಹೇಗೆ ಸೇರಿತ್ತೋ ಹಾಗೇ ತಿರುಗಿ ಬಿಚ್ಚಿಕೊಂಡಿತು. ಬೆಣೆಗಳನ್ನು ಸಡಿಲಿಸಲು ಮರದ ಸುತ್ತಿಗೆಯಿಂದ ಬಡಿಯುವಾಗ ಅವರು ಇನ್ನೊಂದು ಕೈಯಿಂದ ಮರವನ್ನು ಹಿಡಿದಿರುತ್ತಿದ್ದರು. ಅಜ್ಜಿ ಅದನ್ನು ನೋಡಲಿಲ್ಲ. ಮನೆಯೊಳಗೆ ಪರದೆ ಎಳೆದುಕೊಂಡಿದ್ದರು. ನಾನು ರಜೆ ಹಾಕಿ ಹೆಂಚು ಹೊತ್ತೆ. ಎರಡನೆಯ ದಿನ ಜಗಲಿಯ ಹಲಗೆ ಎತ್ತುವಾಗ ಇನ್ನು ತಡೆಯಲಾಗಲಿಲ್ಲ.

“ದೂರಿಗೆ ಸಹಿ ಹಾಕಿದ್ದು ನಾನು,” ಎಂದೆ.

ಅವರು ಹಲಗೆಯ ಆ ತುದಿ ಹಿಡಿದಿದ್ದರು. ಕೆಳಗಿಡಲಿಲ್ಲ. “ಗೊತ್ತು,” ಎಂದರು. “ನೋಟಿಸಿನ ಜೊತೆ ಆ ಕಾಗದವೂ ಬಂದಿತ್ತು. ಮಗಳು ಫೋನಿನಲ್ಲಿ ಓದಿ ಹೇಳಿದಳು.”

“ಯಾವಾಗ?”

“ಹಿಮ ಬರುವ ಮುಂಚಿನ ಗುರುವಾರ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಮತ್ತೆ ಸೋಮವಾರ ನಮ್ಮ ಮನೆಗೆ ಯಾಕೆ ಬಂದಿರಿ?”

ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. “ನಮ್ಮ ಕೋಣೆ ಬಿಸಿ ಇತ್ತು,” ಎಂದರು. “ನಿಮ್ಮ ಮನೆ ಇರಲಿಲ್ಲ. ಆ ಕಡೆ ಸರಿಯಾಗಿ ಹಿಡಿಯಿರಿ, ಮಗುವಿನ ಅಮ್ಮ, ಮೂಲೆ ತಾಗುತ್ತೆ.”

ಅಜ್ಜಿ ಆ ಆಗಸ್ಟ್‌ನಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಡಗಿ ಅಜ್ಜ ಮನೆ ಮಾರಿ ಕ್ಲಿಯರ್ ಲೇಕ್‌ಗೆ ಮಗಳ ಹತ್ತಿರ ಶಿಫ್ಟ್ ಆದರು. ಮರವನ್ನೆಲ್ಲ ಆಸ್ಟಿನ್‌ನಲ್ಲಿ ವಾಸ್ತುಶಿಲ್ಪ ಕಲಿಸುವ ಒಬ್ಬ ಮೇಷ್ಟ್ರು ಕೇಳಿ ತೆಗೆದುಕೊಂಡು ಹೋದರು. ವಿದ್ಯಾರ್ಥಿಗಳಿಗೆ ಜೋಡಿಸುವುದನ್ನು ಕಲಿಸಲು ಅಜ್ಜ ಹ್ಯೂಸ್ಟನ್‌ನಿಂದ ತಿಂಗಳಿಗೆರಡು ಸಲ ಬಸ್ಸಿನಲ್ಲಿ ಹೋಗುತ್ತಿದ್ದರು. ಅದು ಎದ್ದು ನಿಂತ ಮೇಲೆ ನಾನೊಮ್ಮೆ ಹೋಗಿ ನೋಡಿದೆ. ಸೂರು ಹಾಗೇ ಇತ್ತು, ಕಾಗದ ಹೊಸದಾಗಿತ್ತು. ಒಲೆಗೆ ಮಾತ್ರ ಅಲ್ಲಿ ಅನುಮತಿ ಸಿಗಲಿಲ್ಲವಂತೆ. ಕಾಂಕ್ರೀಟಿನ ಮೇಲೆ ಹಲಗೆ ಹಾಕಿದ್ದರು. ಅಜ್ಜ ಜಗಲಿಯಲ್ಲಿ ಕೂತು ಹುಡುಗ ಹುಡುಗಿಯರಿಗೆ ಬೆಣೆಯೊಂದನ್ನು ತೋರಿಸುತ್ತಿದ್ದರು.

“ನೋಡೋಕೆ ಚೆನ್ನಾಗಿದೆ,” ಎಂದರು ನನಗೆ. ಹೊರಡುವಾಗ ಮಗಳ ಉಬ್ಬಸ ಹೇಗಿದೆ ಎಂದು ಕೇಳಿದರು.

ಅವರು ಹೋದ ಸುದ್ದಿ ಕಳೆದ ಚಳಿಗಾಲದಲ್ಲಿ ಬಂತು. ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲೇ ಹೋದರಂತೆ. ನಾನೊಬ್ಬಳೇ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಹ್ಯೂಸ್ಟನ್‌ಗೆ ಹೋದೆ. ಚರ್ಚಿನ ಪ್ರಾರ್ಥನೆ ಮುಗಿದು ಎಲ್ಲರೂ ಪಕ್ಕದ ಹಾಲ್‌ನಲ್ಲಿ ಊಟಕ್ಕೆ ಕೂತರು. ಅವರ ಮಗಳು ನನಗೆ ಬೇರೆಯಾಗಿ ಒಂದು ಬಟ್ಟಲು ತಂದಿಟ್ಟು, “ಇದರಲ್ಲಿ ಮಾಂಸ ಇಲ್ಲ. ನೀವು ತಿನ್ನಲ್ಲ ಅಂತ ಅಪ್ಪ ಹೇಳಿದ್ದರು,” ಎಂದರು. ಮೊಳಕೆ ಕಾಳಿನ ತಿಳಿಸಾರು, ಅನ್ನ. ಆಕೆ ನನ್ನ ಎದುರು ಕೂತರು.

“ನಿಮ್ಮ ಮೇಲೆ ಅಪ್ಪನಿಗೆ ಸಿಟ್ಟಿರಲಿಲ್ಲ,” ಎಂದರು, ದನಿ ಏರಿಸದೆ. “ನನಗಿದೆ. ಕೊನೆಯ ತಿಂಗಳು ಆಸ್ಪತ್ರೆಯಲ್ಲಿ ಅಮ್ಮ ಕೇಳುತ್ತಿದ್ದದ್ದು ಒಂದೇ, ನೆಲದ ಮೇಲೆ ಮಲಗಿಸು ಅಂತ. ಆಸ್ಪತ್ರೆಯ ತಣ್ಣನೆಯ ನೆಲದ ಮೇಲೆ ಹೇಗೆ ಮಲಗಿಸಲಿ? ಕ್ಷಮಿಸಿದ್ದೇನೆ ಅಂತ ನಿಮಗೆ ಹೇಳಿದರೆ ಸುಳ್ಳಾಗುತ್ತೆ.”

“ಹೇಳಬೇಡಿ,” ಎಂದೆ.

ಆಮೇಲೆ ಆಕೆಯೇ ಕೇಳಿದರು, “ನಿಮ್ಮ ಮಗಳಿಗೆ ಈಗೆಷ್ಟು ವಯಸ್ಸು?”

“ಎಂಟು.”

ಆಕೆ ಮನಸ್ಸಿನಲ್ಲೇ ವರ್ಷ ಎಣಿಸಿದ್ದು ಮುಖದಲ್ಲಿ ಕಂಡಿತು. “ಆ ಹಿಮ ಬಿದ್ದಾಗ ನಾಲ್ಕು.”

“ಹೌದು.”

ನನ್ನ ಬಟ್ಟಲು ಖಾಲಿಯಾಗಿತ್ತು. ಆಕೆ ಅದನ್ನೆತ್ತಿಕೊಂಡು ಹೋಗಿ, ಇನ್ನೊಂದು ಸೌಟು ಬಿಸಿ ಸಾರು ಹಾಕಿಸಿಕೊಂಡು ಬಂದು ನನ್ನ ಮುಂದಿಟ್ಟು, ಬೇರೆ ಮೇಜಿನವರನ್ನು ನೋಡಿಕೊಳ್ಳಲು ಹೋದರು. ನಾನು ತಲೆ ತಗ್ಗಿಸಿ ಕುಡಿದೆ.